ವಯಸ್ಸಾದ ತಾಯಿ ಮಗುವಿನ ಥರ ಆಗಿದ್ದಾರೆ, ಹೇಗೆ ನಿಭಾಯಿಸಲಿ?

ನಾಲ್ಕು ವರ್ಷದ ಮಗ, ಎಪ್ಪತ್ತು ದಾಟಿದ ತಾಯಿ, ಇಬ್ಬರದೂ ಒಂದೇ ಹಟ, ಪಾಸ್‌ಬುಕ್ ಎತ್ತಿಟ್ಟಿದ್ದಕ್ಕೆ ತಾಯಿ ಮಾತು ಬಿಟ್ಟಿದ್ದಾರೆ ಅಂತ ಬರೆದಿದ್ದೀರಿ. ನಿಮ್ಮ ಮನೆಯಲ್ಲಿರುವುದು ಒಂದೇ ಮಗು ಸಾರ್, ಎರಡಲ್ಲ.

ದಾವಣಗೆರೆ ಎಪಿಎಂಸಿಯಲ್ಲಿ ನಮ್ಮದು ಮೆಕ್ಕೆಜೋಳದ ದಲ್ಲಾಳಿ ಅಂಗಡಿ. ಗಲ್ಲಾದ ಮೇಲೆ ಅಪ್ಪಾಜಿ ಕೂರುತ್ತಿದ್ದರು. ಒಂದು ಸುಗ್ಗಿಯಲ್ಲಿ ರೈತರ ಪಟ್ಟಿಗಳು, ಅಂದರೆ ಮಾಲಿನ ಲೆಕ್ಕ ಬರೆದುಕೊಡುವ ಚೀಟಿಗಳು, ತಪ್ಪತೊಡಗಿದವು. ಜಗಳೂರು ಕಡೆಯವರೊಬ್ಬರದು ತೊಂಬತ್ತು ಚೀಲ, ಪಟ್ಟಿಯಲ್ಲಿ ಎಂಬತ್ತು. ಅವರು ಎಲ್ಲರೆದುರು ಕೂಗಾಡಿದರು. "ಯಜಮಾನರಿಗೆ ಅರಳು ಮರಳು" ಅಂತ ಹಮಾಲರು ನಕ್ಕರು. ಅವತ್ತು ಸಂಜೆಯೇ ಗಲ್ಲಾದ ಕೀಲಿಕೈ ಇಸ್ಕೊಂಡೆ. "ಅಪ್ಪಾಜಿ, ನೀವಿನ್ನು ಮನೇಲಿ ಆರಾಮಾಗಿರಿ" ಅಂದೆ.

ಆ ಪಟ್ಟಿಯನ್ನು ಒಂದು ಸಲ ಸರಿಯಾಗಿ ನೋಡಿದ್ದರೆ ಸಾಕಿತ್ತು. ಗುಣಿಸಿದ್ದು, ಹಮಾಲಿ ಕಳೆದಿದ್ದು, ಯಾವುದೂ ತಪ್ಪಿರಲಿಲ್ಲ. ಎಂಬತ್ತು ಚೀಲ ಅಂತ ಹಿಡಿದರೆ ಲೆಕ್ಕ ಪೈಸೆಗೆ ಪೈಸೆ ಸರಿ. ತೂಕದವನು ಆ ತುದಿಯಿಂದ ಕೂಗುತ್ತಿದ್ದ, ಇವರು ಈ ತುದಿಯಲ್ಲಿ ಬರೆದುಕೊಳ್ಳುತ್ತಿದ್ದರು. ವಯಸ್ಸಾದಾಗ ಕಿವಿ ಮೊದಲು ಬಿಟ್ಟುಕೊಡುವುದು ಕೀಚು ದನಿಗಳನ್ನು. ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಅಕ್ಷರ ಮಾತ್ರ ಜಾರುತ್ತದೆ. ಲಾರಿ ಗದ್ದಲದಲ್ಲಿ ಎಂಬತ್ತೂ ತೊಂಬತ್ತೂ ಒಂದೇ. ಕಿವಿ ಡಾಕ್ಟರು ಆಡಿಯೋಮೆಟ್ರಿ, ಅಂದರೆ ಎಷ್ಟು ಕೇಳಿಸುತ್ತದೆ ಅಂತ ನೋಡುವ ಪರೀಕ್ಷೆ, ಮಾಡಿದ ಮೇಲೆ ಹಳೆ ಪಟ್ಟಿಗಳನ್ನೆಲ್ಲ ತೆಗೆದು ನೋಡಿದೆ. ತಪ್ಪಿದ್ದರಲ್ಲಿ ಮುಕ್ಕಾಲು ಪಾಲು ಇದೇ ಜೋಡಿ! ಬುದ್ಧಿ ನೆಟ್ಟಗಿತ್ತು, ನಾನು ಬುದ್ಧಿಗೇ ಬೀಗ ಹಾಕಿದ್ದೆ. ಕಿವಿಗೆ ಮಶೀನು ಹಾಕಿಸುವಷ್ಟರಲ್ಲಿ ಅಪ್ಪಾಜಿ ಪಡಸಾಲೆ ಬಿಟ್ಟು ಏಳುತ್ತಿರಲಿಲ್ಲ. ಅವರ ಮುಖ ನೋಡಿ ಬರುತ್ತಿದ್ದ ರೈತರು ಬೇರೆ ಅಂಗಡಿ ಹಿಡಿದಿದ್ದರು. ಮತ್ತೆ ಬರಲಿಲ್ಲ.

ಕಿವಿಯದ್ದು ಸಣ್ಣ ವಿಷಯ ಅಲ್ಲ. ತಾಯಿ ಹೊಟ್ಟೆಯಲ್ಲಿ ಆರು ತಿಂಗಳಾಗುವ ಹೊತ್ತಿಗೇ ಕೂಸಿಗೆ ಕೇಳಿಸತೊಡಗುತ್ತದೆ. ಹುಟ್ಟಿ ಮೂರು ದಿನವೂ ಆಗದ ಕೂಸು ಬೇರೆ ಹೆಂಗಸಿನ ದನಿಗಿಂತ ತಾಯಿ ದನಿಯನ್ನೇ ಬಯಸುತ್ತದೆ ಅಂತ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ಮನಶ್ಶಾಸ್ತ್ರಜ್ಞರು 1980ರಲ್ಲೇ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಜನರ ಜೊತೆ ನಂಟು ಶುರುವಾಗುವುದೇ ಅಲ್ಲಿ. ಅದು ಕೈಕೊಟ್ಟರೆ ಯಾರಾದರೂ ಮೂಲೆ ಹಿಡಿಯುತ್ತಾರೆ, ಸಿಡುಕುತ್ತಾರೆ.

ಈಗ ನಿಮ್ಮ ಮಗನ ಮುಂದೆ ಒಂದೇ ಸಮ ಮಜ್ಜಿಗೆ ಇರುವ ಎರಡು ಲೋಟ ಇಡಿ. ಒಂದನ್ನು ಅವನೆದುರೇ ಉದ್ದನೆ ಗ್ಲಾಸಿಗೆ ಸುರಿಯಿರಿ. ಅದರಲ್ಲೇ ಜಾಸ್ತಿ ಇದೆ ಅಂತಾನೆ, ನೋಡಿ. ಏಳು ವರ್ಷದ ಆಸುಪಾಸಿನವರೆಗೆ ಮಕ್ಕಳು ಹೀಗೇ ಅಂತ ಮಕ್ಕಳ ಬುದ್ಧಿ ಬೆಳೆಯುವ ಬಗೆ ಅಭ್ಯಾಸ ಮಾಡಿದ ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಪಿಯಾಜೆ ಹೇಳಿದ್ದು. ನನ್ನ ಮಗಳೂ ಹಾಗೇ ಜಗಳ ತೆಗೆಯುತ್ತಿದ್ದಳು. ಪಕ್ಕದಲ್ಲೇ ಕೂತಿದ್ದ ಅಪ್ಪಾಜಿ, ಕಣದಲ್ಲಿ ರಾಶಿ ನೋಡಿಯೇ ಎಷ್ಟು ಚೀಲ ಅಂತ ಹೇಳಬಲ್ಲ ಮನುಷ್ಯ. ಇವರಿಬ್ಬರೂ ಒಂದೇ ಹೇಗಾಗುತ್ತಾರೆ? ವಯಸ್ಸಾದಂತೆ ಚುರುಕು ಕಡಿಮೆಯಾಗುವುದು ನಿಜ, ಹೊಸ ಫೋನು ಕಲಿಯಲು ಹೊತ್ತು ಹಿಡಿಯುತ್ತದೆ. ಕಸುಬಿನ ತಿಳಿವಳಿಕೆ, ಮಾತಿನ ಸಂಪತ್ತು ಬಹಳ ಕಾಲ ಉಳಿಯುತ್ತವೆ.

ಹಳೆ ಕತೆ ಹೇಳಿದ್ದೇ ಹೇಳುತ್ತಾರೆ ಅಂದಿರಲ್ಲ, ಅದಕ್ಕೂ ಹೆದರಬೇಡಿ. ಮುಪ್ಪಿನಲ್ಲಿ ಬದುಕನ್ನು ತಿರುವಿ ನೋಡುವುದು ಸಹಜ ಕೆಲಸ ಅಂತ ರಾಬರ್ಟ್ ಬಟ್ಲರ್ ಎಂಬ ಅಮೆರಿಕದ ಮನೋವೈದ್ಯರು 1963ರಲ್ಲೇ ಬರೆದಿದ್ದಾರೆ. ಕೇಳಿದ ಪ್ರಶ್ನೆಯನ್ನೇ ಐದು ನಿಮಿಷಕ್ಕೆ ಮತ್ತೆ ಕೇಳುವುದು, ತಮ್ಮದೇ ಬೀದಿಯಲ್ಲಿ ದಾರಿ ತಪ್ಪುವುದು ಇದ್ದರೆ ಮಾತು ಬೇರೆ. ಅದು ಕಾಯಿಲೆ ಇರಬಹುದು, ನರರೋಗದ ಡಾಕ್ಟರಿಗೆ ತೋರಿಸಿ.

ಆಳು ಇಡೋದಾ, ಅಕ್ಕನ ಮನೆಗೆ ಕಳಿಸೋದಾ ಅಂತ ಕೇಳಿದ್ದೀರಿ. ಅದು ಆಮೇಲಿನ ಮಾತು. ಮೊದಲು ಕಿವಿ, ಕಣ್ಣು ಎರಡೂ ತೋರಿಸಿ. ಪಾಸ್‌ಬುಕ್ ಇವತ್ತೇ ವಾಪಸ್ ಕೊಡಿ. ಬ್ಯಾಂಕಿಗೆ ಬೇಕಾದರೆ ಜೊತೆಗೆ ಹೋಗಿ, ಆದರೆ ಕೌಂಟರಿನಲ್ಲಿ ಮಾತಾಡುವುದು ಅವರೇ ಆಗಲಿ.