ಬೆಂಗಳೂರಿನ ಬಾಲ್ಕನಿಯಲ್ಲಿ ಗ್ರೌಂಡ್ ಚೆರ್ರಿ ಬೆಳೆಯಬಹುದೇ? ಆರೈಕೆ ಹೇಗೆ?

ಖಂಡಿತ ಬೆಳೆಯಬಹುದು. ನಮ್ಮ ಹೊಲದ ಬದುಗಳಲ್ಲಿ ತಾನಾಗಿ ಹುಟ್ಟುವ ಬುಡ್ಡೆ ಹಣ್ಣಿನ ಹತ್ತಿರದ ನೆಂಟ ಇದು. ಟೊಮೆಟೊ, ಬದನೆಯ ಕುಟುಂಬದ್ದೇ ಗಿಡ. ಟೊಮೆಟೊ ಬೆಳೆಸಿ ಗೊತ್ತಿದ್ದರೆ ಅರ್ಧ ಕೆಲಸ ಕಲಿತಂತೆಯೇ.

ಮಾಗಿದ ಹಣ್ಣನ್ನು ನೀರಿನಲ್ಲಿ ಕಿವುಚಿ, ಬೀಜ ಸೋಸಿ ಒಣಗಿಸಿಕೊಳ್ಳಿ. ಆಗಸ್ಟ್ ಕೊನೆಗೆ ಬಿತ್ತಿದರೆ ಚಳಿಗಾಲಕ್ಕೆ ಕಾಯಿ ಹಿಡಿಯುತ್ತದೆ. 12 ಇಂಚಿನ ಕುಂಡಕ್ಕೆ ಒಂದೇ ಸಸಿ ಸಾಕು. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳಲಿ. ನೀರು ನಿಂತರೆ ಬೇರು ಕೊಳೆಯುತ್ತದೆ, ಮಳೆಯ ದಿನಗಳಲ್ಲಿ ಕುಂಡದ ತೂತು ಕಟ್ಟಿಕೊಳ್ಳದಂತೆ ನೋಡಿಕೊಳ್ಳಿ. ಗೊಬ್ಬರ ಅತಿಯಾದರೆ ಎಲೆ ಸೊಂಪಾಗಿ ಬರುತ್ತದೆ, ಹಣ್ಣು ಕಡಿಮೆಯಾಗುತ್ತದೆ. ಬಿಳಿನೊಣ ಕಂಡರೆ ಬೇವಿನೆಣ್ಣೆಯನ್ನು ಸೋಪಿನ ನೀರಿನಲ್ಲಿ ಕದಡಿ ಎಲೆಯ ಅಡಿಭಾಗಕ್ಕೆ ಸಂಜೆ ಸಿಂಪಡಿಸಿ.

ಕೊಯ್ಲಿಗೆ ಮಾತ್ರ ಅವಸರ ಬೇಡ. ಹಸಿರು ಕಾಯಿ, ಎಲೆ, ಕಾಂಡ ವಿಷಕಾರಿ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಮೊದಲೇ ಹೇಳಿಡಿ. ಹೊರಗಿನ ಪೊರೆ ಒಣಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗಬೇಕು, ಒಳಗಿನ ಹಣ್ಣು ಹೊನ್ನಿನ ಬಣ್ಣಕ್ಕೆ ಬರಬೇಕು. ಮಾಗಿದ್ದು ತಾನಾಗಿ ಉದುರುತ್ತದೆ, ಕುಂಡದ ಕೆಳಗೆ ಹಳೆಯ ಬಟ್ಟೆ ಹಾಸಿಡಿ. ಪೊರೆ ಬಿಡಿಸದೆ ಗಾಳಿಯಾಡುವ ಬುಟ್ಟಿಯಲ್ಲಿಟ್ಟರೆ ಕೆಲವು ವಾರ ಕೆಡುವುದಿಲ್ಲ.