ಪೋರ್ಟ್ ವೈನಿನ ಸಿಹಿ ಎಲ್ಲಿಂದ ಬರುತ್ತದೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದಲೂ ದ್ರಾಕ್ಷಿ, ನೆಲ್ಲಿಕಾಯಿಗಳ ವೈನ್ ಮಾಡುವ ರೂಢಿಯಿದೆ. ಈ ಸಲ ಪುತ್ತರಿ ಹಬ್ಬಕ್ಕೆ ಬಂದ ಬಂಧುವೊಬ್ಬರು 'ಟಾನಿ ಪೋರ್ಟ್, 10 ವರ್ಷ' ಎಂದು ಬರೆದಿದ್ದ ಬಾಟಲಿಯನ್ನು ಪೋರ್ಚುಗಲ್‌ನಿಂದ ತಂದಿದ್ದರು. ಮನೆಯ ವೈನಿನಂತೆಯೇ ಸಿಹಿಯಾಗಿದೆಯಲ್ಲ ಎಂದು ಲೋಟ ತುಂಬ ಕುಡಿದವರೆಲ್ಲ ಊಟಕ್ಕೆ ಏಳುವ ಮೊದಲೇ ತೂಗಾಡಿದರು. ಏಕೆ ಹೀಗೆ? ಉಳಿದರ್ಧ ಬಾಟಲಿ ಎಷ್ಟು ದಿನ ಬಾಳುತ್ತದೆ? ನಮ್ಮ ವೈನಿಗೂ ಬ್ರಾಂದಿ ಬೆರೆಸಿ ಇಂಥದ್ದನ್ನು ಮಾಡಬಹುದೇ?
— ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಎರಡೂ ಸಿಹಿಯೇ ಆದರೂ ಆ ಸಿಹಿ ಬಂದ ದಾರಿ ಬೇರೆ ಬೇರೆ. ನಮ್ಮ ಭರಣಿಯ ವೈನಿಗೆ ಸಕ್ಕರೆಯನ್ನು ನಾವೇ ಧಾರಾಳವಾಗಿ ಸುರಿಯುತ್ತೇವೆ. ಯೀಸ್ಟ್ ತಿಂದಷ್ಟು ತಿಂದು ಸೋತು ನಿಂತ ಮೇಲೆ ಉಳಿದದ್ದು ನಾಲಿಗೆಗೆ ಸಿಗುತ್ತದೆ. ಪೋರ್ಟ್‌ಗೆ ಹೊರಗಿನ ಸಕ್ಕರೆ ಬೀಳುವುದಿಲ್ಲ. ಪೋರ್ಚುಗಲ್‌ನ ಡೋರೊ ಕಣಿವೆಯ ದ್ರಾಕ್ಷಿ ಹುದುಗಲಾರಂಭಿಸಿ ಎರಡು ಮೂರು ದಿನಗಳಾಗಿ, ಅದರ ಸಕ್ಕರೆ ಸುಮಾರು ಅರ್ಧದಷ್ಟು ಕರಗಿದ ಹೊತ್ತಿಗೆ, ಶೇ 77ರಷ್ಟು ಮದ್ಯಸಾರವಿರುವ ದ್ರಾಕ್ಷಿಯದೇ ಬಟ್ಟಿ ಸಾರಾಯಿಯನ್ನು ಅದಕ್ಕೆ ಸೇರಿಸುತ್ತಾರೆ. 435 ಲೀಟರ್ ರಸಕ್ಕೆ 115 ಲೀಟರ್ ಸಾರಾಯಿ ಎಂಬುದು ಅಲ್ಲಿನ ಹಳೆಯ ಲೆಕ್ಕ. ಆ ಹೊಡೆತಕ್ಕೆ ಯೀಸ್ಟ್ ಸಾಯುತ್ತದೆ, ಹಣ್ಣಿನ ಉಳಿದ ಸಕ್ಕರೆ ಹಾಗೆಯೇ ಉಳಿಯುತ್ತದೆ, ಮದ್ಯಸಾರ ಶೇ 20ರ ಆಸುಪಾಸಿಗೆ ಏರುತ್ತದೆ.

ನಿಮ್ಮ ನೆಂಟರು ಎಡವಿದ್ದು ಈ ಕೊನೆಯ ಅಂಕಿಯಲ್ಲಿ. 150 ಮಿಲಿಲೀಟರ್ ಪೋರ್ಟ್‌ನಲ್ಲಿ 30 ಮಿಲಿಲೀಟರ್ ಶುದ್ಧ ಮದ್ಯಸಾರವಿರುತ್ತದೆ; ನಮ್ಮಲ್ಲಿ ಸಿಗುವ ಶೇ 42.8ರ ವಿಸ್ಕಿಯ 60 ಮಿಲಿಲೀಟರಿನ ದೊಡ್ಡ ಪೆಗ್ಗಿನಲ್ಲಿ ಅಷ್ಟೂ ಇರುವುದಿಲ್ಲ. ವಿಸ್ಕಿ ಗಂಟಲಲ್ಲೇ ಎಚ್ಚರಿಸುತ್ತದೆ, ಸಿಹಿಯ ಹಿಂದೆ ಅಡಗಿದ್ದು ಎಚ್ಚರಿಸುವುದಿಲ್ಲ. ಆದ್ದರಿಂದ ಚಿಕ್ಕ ಲೋಟದಲ್ಲಿ 60–75 ಮಿಲಿಲೀಟರ್ ಸಾಕು, ಅದೂ ಊಟವಾದ ಮೇಲೆ. ಆ 75 ಮಿಲಿಲೀಟರಿನಲ್ಲೂ ಒಂದೂವರೆ ಚಮಚೆಯಷ್ಟು ಸಕ್ಕರೆ ಇರುವುದನ್ನು ಮಧುಮೇಹವುಳ್ಳವರು ಮರೆಯಬಾರದು.

ಲೋಟವನ್ನು ಬಿಳಿ ಬಟ್ಟೆಯ ಮುಂದೆ ಓರೆಯಾಗಿ ಹಿಡಿದು ನೋಡಿ. ನಡುವೆ ಕೆಂಪು ಕಂದು, ಅಂಚಿನಲ್ಲಿ ಹಳೆಯ ಜೇನಿನ ಬಣ್ಣ ಕಾಣುತ್ತದೆ. ಮೂಗಿಗೆ ಹುರಿದ ಬಾದಾಮಿ, ಒಣ ಅಂಜೂರ, ಕಂದಿದ ಸಕ್ಕರೆಯ ವಾಸನೆ ಬರುತ್ತದೆ. ಟಾನಿ ವರ್ಷಗಟ್ಟಲೆ ಓಕ್ ಪೀಪಾಯಿಯಲ್ಲಿ ನಿಧಾನವಾಗಿ ಗಾಳಿ ಕುಡಿದು ಹೀಗಾಗುತ್ತದೆ. ಬಾಟಲಿಯ ಮೇಲಿನ 10 ಎಂಬುದು ಹಲವು ವರ್ಷಗಳ ವೈನುಗಳನ್ನು ಬೆರೆಸಿ ತಂದ ಪಕ್ವತೆಯ ಗುರುತೇ ಹೊರತು ಒಂದೇ ಸುಗ್ಗಿಯ ವಯಸ್ಸಲ್ಲ. ಗಾಳಿಯ ಪರಿಚಯ ಮೊದಲೇ ಆಗಿರುವುದರಿಂದ, ಬಿರಟೆ ಬಿಗಿದು ಫ್ರಿಜ್ಜಿನಲ್ಲಿಟ್ಟರೆ ನಿಮ್ಮ ಅರ್ಧ ಬಾಟಲಿ ಒಂದು ತಿಂಗಳಾದರೂ ಚೆನ್ನಾಗಿರುತ್ತದೆ. ಎಳೆಯ, ಹಣ್ಣಿನ ರುಚಿಯ ರೂಬಿ ಅಷ್ಟು ತಾಳುವುದಿಲ್ಲ. ಎರಡು ಮೂರು ವರ್ಷಕ್ಕೇ ಪೀಪಾಯಿಯಿಂದ ಬಾಟಲಿಗಿಳಿದು ಅಲ್ಲಿಯೇ ದಶಕಗಳ ಕಾಲ ಮಾಗುವ ವಿಂಟೇಜ್ ಪೋರ್ಟ್ ತೆರೆದ ಎರಡು ಮೂರು ದಿನಗಳಲ್ಲಿ ಸೊರಗುತ್ತದೆ.

ಹೀಗೆ ಸಾರಾಯಿ ಸೇರಿಸಿದ ವೈನುಗಳ ಬಳಗದಲ್ಲಿ ಯಾವುದಕ್ಕೂ ಜಗ್ಗದ್ದೆಂದರೆ ಪೋರ್ಚುಗಲ್‌ನದೇ ಮಡೈರಾ ದ್ವೀಪದ ಮಡೈರಾ ವೈನ್. ಹಿಂದೆ ಆ ದ್ವೀಪದ ಪೀಪಾಯಿಗಳು ಭಾರತದತ್ತ ಬರುವ ಹಡಗುಗಳ ಒಡಲಲ್ಲಿ ಉಷ್ಣವಲಯ ದಾಟಿ ಮರಳಿದಾಗ ಒಳಗಿನ ವೈನ್ ಕೆಡುವ ಬದಲು ಸುಧಾರಿಸಿತ್ತು. ಇಂದಿಗೂ ಅಲ್ಲಿ ಬಹುಪಾಲು ವೈನನ್ನು ಸುಮಾರು 45–50 ಡಿಗ್ರಿಯಲ್ಲಿ ಮೂರು ತಿಂಗಳು ಬೇಕೆಂದೇ ಬಿಸಿಯಲ್ಲಿಡುತ್ತಾರೆ. ಸಿಹಿ ಬೇಕೆನ್ನುವವರು ಅದರಲ್ಲಿ ಮಾಮ್ಸಿ ಎಂಬುದನ್ನು ಕೇಳಿ ಪಡೆಯಬೇಕು. ಪೋರ್ಟ್‌ಗೆ ಮಾತ್ರ ಬಿಸಿ ಆಗದು, ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ. ಕೊಡಗಿನ ಚಳಿಗಾಲದ ರಾತ್ರಿಯಲ್ಲಿ, ಕಿಟಕಿಯ ಬಳಿ ಅರ್ಧ ತಾಸು ಇಟ್ಟ ಟಾನಿ ಕುಡಿಯುವ ಹದಕ್ಕೆ ತಾನೇ ಬರುತ್ತದೆ.

ಜೊತೆಗೆ ಏನು ತಿನ್ನಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪಂದಿಕರಿ (ಹಂದಿಮಾಂಸದ ಸಾರು) ಬೇಡ: ಮದ್ಯಸಾರ ಖಾರವನ್ನು ಕೆರಳಿಸುತ್ತದೆ, ಅದಕ್ಕೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿಯ ಮುಂದೆ ವೈನ್ ಬರೀ ಪಾನಕದಂತಾಗುತ್ತದೆ. ವೈನಿಗಿಂತ ಸಿಹಿಯಾದ ಪಾಯಸವೂ ಸಲ್ಲದು. ನನ್ನ ಮಟ್ಟಿಗೆ ಟಾನಿಗೆ ಸರಿಯಾದ ಜೋಡಿ ಪುತ್ತರಿಯ ತಂಬಿಟ್ಟು. ಕಳಿತ ಬಾಳೆಹಣ್ಣಿನ ಹದವಾದ ಸಿಹಿ, ಹುರಿದ ಅಕ್ಕಿಹಿಟ್ಟು, ಎಳ್ಳು, ತುಪ್ಪ ಎಲ್ಲವೂ ಆ ಪೀಪಾಯಿಯ ವಾಸನೆಯ ಹತ್ತಿರದ ನೆಂಟರು.

ಬ್ರಾಂದಿ ಬೆರೆಸುವ ಯೋಚನೆಯನ್ನು ಬಿಡುವುದೇ ಒಳ್ಳೆಯದು. ಅರ್ಧ ಹುದುಗಿ ಶೇ 6ರಷ್ಟು ಮದ್ಯಸಾರಕ್ಕೆ ಬಂದ ಒಂದು ಲೀಟರ್ ರಸವನ್ನು ಶೇ 42.8ರ ಬ್ರಾಂದಿಯಿಂದ ಶೇ 20ಕ್ಕೆ ಏರಿಸಲು 600 ಮಿಲಿಲೀಟರಿಗೂ ಹೆಚ್ಚು ಬೇಕಾಗುತ್ತದೆ. ಹಣ್ಣಿನ ರುಚಿ ಅದರಲ್ಲಿ ಮುಳುಗಿಹೋಗುತ್ತದೆ. ಶೇ 77ರ ಸಾರಾಯಿಯಾದರೆ ಕಾಲು ಲೀಟರ್ ಸಾಕು, ಆದರೆ ಅದನ್ನು ಮನೆಯಲ್ಲಿ ಬಟ್ಟಿ ಇಳಿಸುವುದು ಅಪರಾಧ. ಕೊಡವರಿಗೆ ಲೈಸೆನ್ಸಿನ ವಿನಾಯಿತಿ ಇರುವುದು ಕೋವಿಗೆ, ಬಟ್ಟಿಗಲ್ಲ.