ಪಾನ್ ರಾಣಿಯಾದ ಮೇಲೂ ಸೋತ ಆಟ

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ ಹುಡುಗಿಯೊಬ್ಬಳ ಕಥೆ ಇದು. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯೋದಕ್ಕೆ ಅವಳ ಒಪ್ಪಿಗೆ ಇದೆ, ಬರೆದದ್ದನ್ನು ಮೊದಲು ಓದಿದವಳೂ ಅವಳೇ.

ಇಪ್ಪತ್ತು ವರ್ಷದ ಕಾಲೇಜು ಹುಡುಗಿ. ಚಿಕ್ಕಂದಿನಿಂದ ಚೆಸ್ ಆಡುತ್ತಿದ್ದಾಳೆ. ಗಂಟೆಗಟ್ಟಲೆ ನಡೆಯುವ ಕ್ಲಾಸಿಕಲ್ ಆಟದಲ್ಲಿ ಗಟ್ಟಿಗಿತ್ತಿ. ಕೆಲವೇ ನಿಮಿಷದ ಬ್ಲಿಟ್ಜ್‌ಗೆ ಕೂತರೆ ಮಾತ್ರ ಅಂಗೈ ಬೆವರುತ್ತದೆ. ಒಂದು ತಪ್ಪಾಗುತ್ತದೆ, ಅದರ ಹಿಂದೆಯೇ ಸಾಲಾಗಿ ಮೂರು ನಾಲ್ಕು ಆಟ ಹೋಗುತ್ತವೆ. ಮೊದಲ ದಿನ ಅವಳು ಕೇಳಿದ್ದು ಇಷ್ಟು: "ಮೇಡಂ, ಟೈಮ್ ಕಮ್ಮಿ ಆದ್ರೆ ನನ್ನ ತಲೆ ಓಡೋದೇ ಇಲ್ಲ. ಬ್ಲಿಟ್ಜ್ ಬಿಟ್ಟುಬಿಡ್ಲಾ?"

ಬ್ಲಿಟ್ಜ್ ಅಂದರೆ ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯಾದ ಫಿಡೆಯ ನಿಯಮದ ಪ್ರಕಾರ ಒಬ್ಬೊಬ್ಬರಿಗೆ 10 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಸಮಯದ ಆಟ. ವಿಶ್ವ ಬ್ಲಿಟ್ಜ್ ಚಾಂಪಿಯನ್‌ಷಿಪ್‌ನಲ್ಲಿ 3 ನಿಮಿಷ ಕೊಟ್ಟು, ಪ್ರತಿ ನಡೆಗೆ 2 ಸೆಕೆಂಡ್ ಸೇರಿಸುತ್ತಾರೆ. ಆಟ 40 ನಡೆ ನಡೆದರೆ ಒಟ್ಟು 260 ಸೆಕೆಂಡ್ ಸಿಗುತ್ತದೆ. ಅಂದರೆ ಒಂದು ನಡೆಗೆ ಆರೂವರೆ ಸೆಕೆಂಡ್. ಅಷ್ಟರಲ್ಲೇ ನೋಡಬೇಕು, ತೀರ್ಮಾನಿಸಬೇಕು, ಕಾಯಿ ಇಡಬೇಕು, ಕ್ಲಾಕ್ ಒತ್ತಿ ತನ್ನ ಸಮಯ ನಿಲ್ಲಿಸಬೇಕು. ಇಂಥ ಆಟದಲ್ಲಿ ತಪ್ಪು ಆಗದೇ ಇರೋದಿಲ್ಲ. ಇದನ್ನು ಅವಳೂ ಒಪ್ಪುತ್ತಿದ್ದಳು. ಬೇರೆಯವರ ವಿಷಯದಲ್ಲಿ ಮಾತ್ರ.

ಅವಳನ್ನು ನನ್ನ ಬಳಿ ಕರೆತಂದದ್ದು ಒಂದು ಟೂರ್ನಿಯ ಆಟ. ಕೊನೆಯ ಹಂತ. ಅವಳ ಬಳಿ ಒಂದು ಆನೆ ಮತ್ತು ಎಂಟನೇ ಸಾಲಿಗೆ ಹೊರಟ ಪಾನ್ (ಕಾಲಾಳು). ಎದುರಾಳಿ ಬಳಿ ಆನೆ, ಕುದುರೆ. ಪಾನ್ ಕೊನೆಯ ಮನೆ ತಲುಪಿತು. ಅದನ್ನು ತೆಗೆದು ರಾಣಿ ಇಡಬೇಕಿತ್ತು. ರಾಣಿ ಮಣೆಯ ಆಚೆ ಬದಿಯಲ್ಲಿತ್ತು. ಅವಳ ಕೈ ಅಲ್ಲಿಗೆ ಹೋಗಲಿಲ್ಲ, ನೇರ ಕ್ಲಾಕ್‌ಗೆ ಹೋಯಿತು. ಎದುರಾಳಿ ಕ್ಲಾಕ್ ನಿಲ್ಲಿಸಿ ತೀರ್ಪುಗಾರರನ್ನು, ಅಂದರೆ ಆರ್ಬಿಟರ್‌ನ ಕರೆದರು. ಆಟ ಮುಗಿಸಿ ಎದ್ದವರೆಲ್ಲ ಸುತ್ತ ಬಂದು ನಿಂತರು.

ಇಂಥದಕ್ಕೆ ಸ್ಪಷ್ಟ ನಿಯಮವಿದೆ. ಪಾನ್ ಬದಲಿಸದೆ ಕ್ಲಾಕ್ ಒತ್ತಿದರೆ ಅದು ಅಕ್ರಮ ನಡೆ. ಬ್ಲಿಟ್ಜ್‌ನಲ್ಲಿ ಮೊದಲ ಸಲಕ್ಕೆ ಎದುರಾಳಿಗೆ ಒಂದು ನಿಮಿಷ ಹೆಚ್ಚಿಗೆ ಕೊಡುತ್ತಾರೆ. ಅದೇ ಆಟಗಾರ ಮತ್ತೊಮ್ಮೆ ಅಕ್ರಮ ನಡೆ ಮಾಡಿದರೆ ಆಟ ಹೋದಂತೆ. ಆದರೆ ಆ ಪಾನ್ ಪಾನಾಗಿಯೇ ಉಳಿಯೋದಿಲ್ಲ, ಅದರ ಜಾಗಕ್ಕೆ ರಾಣಿಯೇ ಬರುತ್ತದೆ. ಅವಳಿಗೂ ರಾಣಿ ಸಿಕ್ಕಿತು.

ಆರೇಳು ನಡೆ ಕಳೆಯುವಷ್ಟರಲ್ಲಿ ಆ ರಾಣಿ ಕುದುರೆಯ ಫೋರ್ಕ್‌ಗೆ, ಅಂದರೆ ಒಂದೇ ನಡೆಯಲ್ಲಿ ಎರಡು ಕಾಯಿಗಳ ಮೇಲೆ ಬೀಳುವ ದಾಳಿಗೆ, ಸಿಕ್ಕಿ ಹೋಯಿತು. ಆಟ ಸೋತಳು. ಅವತ್ತಿನ ಉಳಿದ ಸುತ್ತುಗಳನ್ನೂ ಹೆಚ್ಚುಕಡಿಮೆ ಸೋತಳು.

ಇದನ್ನೆಲ್ಲ ಹೇಳುವಾಗ ಅವಳ ಮಾತು ಕ್ಲಾಕ್ ಒತ್ತಿದ ಆ ಕ್ಷಣದಲ್ಲೇ ಸುತ್ತುತ್ತಿತ್ತು. ನಾನು ಒಂದೇ ಪ್ರಶ್ನೆ ಕೇಳಿದೆ. "ಆರ್ಬಿಟರ್ ಆಟ ಮುಂದುವರಿಸಿ ಅಂದಾಗ ಮಣೆ ಮೇಲೆ ಯಾರು ಮುಂದಿದ್ರು?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಾನೇ. ರಾಣಿ ಇತ್ತಲ್ಲ."

"ನಿನಗೆ ಅದು ಆಗ ಗೊತ್ತಿತ್ತಾ?"

"ಇಲ್ಲ ಮೇಡಂ. ಸೋತಾಯ್ತು ಅಂತಲೇ ಆಡ್ತಿದ್ದೆ."

ನನ್ನ ಪ್ರಕಾರ ಈ ಪ್ರಕರಣದ ಗಂಟು ಇಲ್ಲೇ ಇದೆ. ಅಕ್ರಮ ನಡೆಯಿಂದ ಅವಳಿಗೆ ಆದ ನಷ್ಟ ಎದುರಾಳಿಗೆ ಸಿಕ್ಕ ಒಂದು ನಿಮಿಷ ಮಾತ್ರ. ಮಿಕ್ಕದ್ದೆಲ್ಲ ಹೋದದ್ದು ಅದರ ನಂತರದ ಹತ್ತಿಪ್ಪತ್ತು ಸೆಕೆಂಡಿನಲ್ಲಿ. ಕಣ್ಣು ಮಣೆ ಮೇಲಿತ್ತು, ಮನಸ್ಸು ಸುತ್ತ ನಿಂತವರ ಮುಖದ ಮೇಲಿತ್ತು. ಹಾಗಾಗಿ ತಪ್ಪೇ ಆಗದಂತೆ ಮಾಡೋಣ ಅನ್ನುವ ಗುರಿಯನ್ನು ನಾವು ಇಟ್ಟುಕೊಳ್ಳಲಿಲ್ಲ. ತಪ್ಪಾದ ಮೇಲಿನ ಆ ಹತ್ತು ಸೆಕೆಂಡನ್ನೇ ಹಿಡಿದು ಕೆಲಸ ಶುರುಮಾಡಿದೆವು.

ಅದಕ್ಕೂ ಮುಂಚೆ ಕೇಳಲೇಬೇಕಾದದ್ದನ್ನು ಕೇಳಿದೆ. ನಿದ್ದೆ ಹೇಗಿದೆ, ಊಟ ಸೇರುತ್ತದಾ, ಆಟವಿಲ್ಲದ ದಿನವೂ ಎದೆ ಡವಡವ ಅನ್ನುತ್ತದಾ, ಬದುಕೇ ಬೇಡ ಅನ್ನಿಸಿದ್ದು ಇದೆಯಾ. ಟೂರ್ನಿಯ ಹಿಂದಿನ ರಾತ್ರಿ ನಿದ್ದೆ ಕಮ್ಮಿ, ಅದು ಬಿಟ್ಟರೆ ಗಾಬರಿಪಡುವಂಥದ್ದು ಇರಲಿಲ್ಲ. ಇದ್ದಿದ್ದರೆ ಚೆಸ್ ಮಾತನ್ನು ಪಕ್ಕಕ್ಕಿಟ್ಟು ಮೊದಲು ವೈದ್ಯರ ಹತ್ತಿರ ಕಳಿಸುತ್ತಿದ್ದೆ.

ಬೋರ್ಡ್ ಮೇಲೆ ಆಡುವ ಬ್ಲಿಟ್ಜ್‌ನಲ್ಲಿ ನಡೆಗಳನ್ನು ಬರೆದುಕೊಳ್ಳುವ ಕಡ್ಡಾಯವಿಲ್ಲ. ಹಾಗಾಗಿ ಆಟಗಾರರಿಗೆ ನೆನಪಿರೋದು ಅತಿ ಕೆಟ್ಟ ನಡೆ ಮಾತ್ರ. ಆನ್‌ಲೈನ್ ಆಟಗಳಲ್ಲಿ ಹಾಗಲ್ಲ. ಯಾವ ನಡೆಗೆ ಎಷ್ಟು ಸೆಕೆಂಡ್ ತೆಗೆದುಕೊಂಡರು ಅನ್ನೋದೂ ದಾಖಲಾಗಿರುತ್ತದೆ. ಅವಳ ಒಂದಷ್ಟು ಸೋಲುಗಳನ್ನು ತೆರೆದು ಕೂತೆವು. ನನಗೆ ಚೆಸ್ ಅಷ್ಟಾಗಿ ಬರೋದಿಲ್ಲ, ಬರಬೇಕಾಗಿಯೂ ಇರಲಿಲ್ಲ. ನಾವು ನೋಡಿದ್ದು ಸೆಕೆಂಡುಗಳನ್ನು.

ಅವಳ ನಂಬಿಕೆ ಪ್ರಕಾರ ತಪ್ಪುಗಳು ಕ್ಲಾಕ್‌ನಲ್ಲಿ ಹತ್ತು ಸೆಕೆಂಡ್ ಉಳಿದಾಗ ಆಗಬೇಕಿತ್ತು. ದಾಖಲೆ ಬೇರೆಯೇ ಹೇಳಿತು. ಒಂದು ಆಟದಲ್ಲಿ ಅವಳಿಗೆ ಒಂದು ನಿಮಿಷ ನಲವತ್ತು ಸೆಕೆಂಡ್ ಇತ್ತು. ಎದುರಾಳಿ ಒಂದಾದ ಮೇಲೊಂದು ನಾಲ್ಕು ನಡೆಗಳನ್ನು ಪಟಪಟ ಆಡಿದ್ದರು. ಇವಳೂ ಅದೇ ಓಟದಲ್ಲಿ ಒಂದೊಂದೇ ಸೆಕೆಂಡಿನಲ್ಲಿ ಉತ್ತರ ಕೊಟ್ಟು, ಐದನೆಯದರಲ್ಲಿ ಆನೆಯನ್ನು ಸುಮ್ನೆ ಬಿಟ್ಟುಕೊಟ್ಟಿದ್ದಳು. ಇಂಥವೇ ಜಾಸ್ತಿ ಸಿಕ್ಕವು. ಸಮಯ ಇತ್ತು, ಬಳಸಿರಲಿಲ್ಲ. ಎದುರಿನವರ ಕೈವೇಗವನ್ನು ತನ್ನದು ಮಾಡಿಕೊಂಡಿದ್ದಳು.

ತಪ್ಪಾದ ಮೇಲಿನ ನಡೆ ಇನ್ನೂ ಬೇಗ ಬಂದಿತ್ತು. ಕೆಲವು ಕಡೆ ಒಂದು ಸೆಕೆಂಡೂ ಇಲ್ಲ. ಕೆಟ್ಟದ್ದನ್ನು ಕೂಡಲೇ ಸರಿಮಾಡಿಬಿಡಬೇಕು ಅನ್ನುವ ಆತುರ ಅದು. ಪರದೆ ನೋಡುತ್ತಾ ಅವಳೇ ಅಂದಳು, "ಇಲ್ಲಿ ನಾನು ಯೋಚನೆನೇ ಮಾಡಿಲ್ಲ ಅಲ್ವಾ?"

ಇದಕ್ಕೆ ಹಿನ್ನೆಲೆಯಾಗಿ ಎರಡು ಅಧ್ಯಯನಗಳ ವಿಷಯ ಹೇಳಿದೆ. 1973ರಲ್ಲಿ ಚೇಸ್ ಮತ್ತು ಸೈಮನ್ ಎಂಬ ಸಂಶೋಧಕರು ಒಂದು ಪರೀಕ್ಷೆ ಮಾಡಿದ್ದರು. ನಿಜವಾದ ಆಟದ ಸ್ಥಿತಿಯನ್ನು ಐದು ಸೆಕೆಂಡ್ ತೋರಿಸಿ ಮುಚ್ಚಿದರೆ ನುರಿತ ಆಟಗಾರರು ಬಹುಪಾಲು ಕಾಯಿಗಳನ್ನು ಸರಿಯಾಗಿ ಜೋಡಿಸುತ್ತಾರೆ. ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟು ತೋರಿಸಿದರೆ ಹೊಸಬರಿಗಿಂತ ಅವರೇನೂ ಹೆಚ್ಚಲ್ಲ. ಅಂದರೆ ಅವರು ಒಂದೊಂದೇ ಕಾಯಿ ನೋಡೋದಿಲ್ಲ, ಪರಿಚಯದ ಜೋಡಣೆಗಳನ್ನು ಗುರುತಿಸುತ್ತಾರೆ. ಬ್ಲಿಟ್ಜ್ ನಡೆಯೋದೇ ಈ ಬಲದ ಮೇಲೆ. ತೊಂದರೆಯೂ ಅಲ್ಲೇ. 2008ರಲ್ಲಿ ಬಿಲಾಲಿಚ್ ಮತ್ತು ಜೊತೆಗಾರರು ಆಟಗಾರರ ಕಣ್ಣಿನ ಚಲನೆಯನ್ನು ಅಳೆದರು. ಪರಿಚಿತವಾದ ಒಂದು ಗೆಲುವಿನ ದಾರಿ ಕಣ್ಣಿಗೆ ಬಿದ್ದ ಮೇಲೆ, ಅದಕ್ಕಿಂತ ಚಿಕ್ಕ ದಾರಿ ಇದ್ದರೂ ಅವರಿಗೆ ಕಾಣಲಿಲ್ಲ. ಬೇರೆ ದಾರಿ ಹುಡುಕುತ್ತಿದ್ದೇವೆ ಅಂತ ಅವರು ಪ್ರಾಮಾಣಿಕವಾಗಿಯೇ ಹೇಳಿದರು. ಕಣ್ಣು ಮಾತ್ರ ಮತ್ತೆಮತ್ತೆ ಹಳೆಯ ಮನೆಗಳಿಗೇ ಹೋಗುತ್ತಿತ್ತು. ಅವರು ಪುರುಸೊತ್ತಾಗಿ ಯೋಚಿಸುತ್ತಿದ್ದವರು. ಬ್ಲಿಟ್ಜ್‌ನಲ್ಲಿ ಎದೆಬಡಿತ ಏರಿದಾಗ ಗಮನದ ಹರವು ಇನ್ನೂ ಕಿರಿದಾಗುತ್ತದೆ.

ಇದನ್ನು ಕೇಳಿ ಅವಳ ಮುಖ ಸ್ವಲ್ಪ ಸಡಿಲವಾಯಿತು. "ದಡ್ಡಿ ಅಂತ ಅಲ್ಲ ಹಾಗಾದ್ರೆ" ಅಂದಳು. ಈ ಮಾತು ಬಾರದೆ ಮುಂದಿನ ಸಲಹೆ ಯಾವುದೂ ನಾಟುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಮುಂದಿನ ಭೇಟಿಗೆ ಬೋರ್ಡ್, ಕ್ಲಾಕ್ ತರಲು ಹೇಳಿದೆ. ಜೊತೆಗೆ ಆಡುವ ಗೆಳತಿಯೊಬ್ಬಳೂ ಬಂದಳು. ಇಬ್ಬರೂ ಆಡಿದರು. ನಾನು ಕೈ ಮಾತ್ರ ನೋಡಿದೆ. ಅವಳ ಬಲಗೈ ಕಾಯಿಯನ್ನು ಮನೆಯಲ್ಲಿ ಇಡುವ ಮೊದಲೇ ಕಿರುಬೆರಳು ಕ್ಲಾಕ್ ಕಡೆ ತಿರುಗಿರುತ್ತಿತ್ತು. ಎದುರಿನವಳು ಆಡಲು ಕೈ ಎತ್ತಿದರೆ ಸಾಕು, ಇವಳ ಕೈ ಮಣೆ ಮೇಲೆ ಗಾಳಿಯಲ್ಲಿ ಬಂದು ನಿಲ್ಲುತ್ತಿತ್ತು. ಗೆಳತಿಯ ನಡೆ ಇನ್ನೂ ಮುಗಿದಿಲ್ಲ, ಇವಳ ಉತ್ತರ ಆಗಲೇ ಸಿದ್ಧ. ಫೋನಿನಲ್ಲಿ ಚಿತ್ರೀಕರಿಸಿ ತೋರಿಸಿದೆ. ಅವಳಿಗೆ ನಂಬಲಾಗಲಿಲ್ಲ.

ಸಲಹೆ ಅಲ್ಲಿಂದಲೇ ಹುಟ್ಟಿತು. ಎದುರಾಳಿ ಆಡುವವರೆಗೆ ಕೈ ತೊಡೆಯ ಮೇಲಿರಬೇಕು. ಅವರು ಕ್ಲಾಕ್ ಒತ್ತಿದ ಮೇಲೆ ಮನಸ್ಸಿನಲ್ಲಿ ಒಂದು ಪ್ರಶ್ನೆ: "ಈ ಕಾಯಿ ಈಗ ಯಾರನ್ನ ಹೊಡೀತಿದೆ?" ಉತ್ತರ ಸಿಕ್ಕ ಮೇಲೆಯೇ ಕೈ ಏಳಬೇಕು. ಇಷ್ಟೇ. ಕೋಚ್‌ಗಳು ಕ್ಲಾಸಿಕಲ್ ಆಟಕ್ಕೆ ಹೇಳಿಕೊಡುವ ಉದ್ದದ ಪಟ್ಟಿ ಇಲ್ಲಿ ಕೆಲಸಕ್ಕೆ ಬರೋದಿಲ್ಲ. ಆರು ಸೆಕೆಂಡಿನಲ್ಲಿ ಒಂದು ಪ್ರಶ್ನೆಗೆ ಜಾಗವಿದೆ, ಐದಕ್ಕಿಲ್ಲ. ಶುರುವಿನಲ್ಲಿ ಇದರಿಂದ ಸಮಯ ಮೀರಿ ಒಂದಷ್ಟು ಆಟ ಸೋತಳು. ಸೋಲಲಿ, ರೇಟಿಂಗ್ (ಆಟಗಾರರ ಬಲ ಅಳೆಯುವ ಅಂಕ) ಇಲ್ಲದ ಅಭ್ಯಾಸದ ಆಟ ತಾನೇ ಅಂದೆ. ಕೈಗೆ ಅಭ್ಯಾಸವಾದ ಮೇಲೆ ಆ ಪ್ರಶ್ನೆಗೆ ಪೂರ್ತಿ ಒಂದು ಸೆಕೆಂಡೂ ಬೇಕಾಗುತ್ತಿರಲಿಲ್ಲ.

"ಶಾಂತವಾಗಿ ಆಡು" ಅಂತ ಹಿರಿಯರು ಹೇಳುತ್ತಿದ್ದರಂತೆ. ಈ ಮಾತಿನ ಬಗ್ಗೆ ನನಗೆ ತಕರಾರಿದೆ. ಎಂಟು ಸೆಕೆಂಡ್ ಉಳಿದವರಿಗೆ ಶಾಂತವಾಗು ಅನ್ನೋದು ಇನ್ನೊಂದು ಕೆಲಸ ಹೇರಿದಂತೆ. ಈಗ ಅವಳು ಆಟವನ್ನೂ ಆಡಬೇಕು, ಶಾಂತವಾಗಿ ಇಲ್ಲದ್ದಕ್ಕೆ ತಲೆಯನ್ನೂ ಕೆಡಿಸಿಕೊಳ್ಳಬೇಕು. ಉಸಿರಾಟದ ಅಭ್ಯಾಸ ಒಳ್ಳೆಯದೇ. ಸುತ್ತುಗಳ ನಡುವೆ ಮಾಡಲಿ, ಉಸಿರು ಬಿಡುವುದನ್ನು ಎಳೆದುಕೊಳ್ಳುವುದಕ್ಕಿಂತ ನಿಧಾನ ಮಾಡಲಿ. ಆಟದೊಳಗೆ ಎದೆ ಹೊಡೆದುಕೊಂಡರೆ ಹೊಡೆದುಕೊಳ್ಳಲಿ. ಎದೆ ಬಡಿಯುತ್ತಿದ್ದರೂ ಆ ಪ್ರಶ್ನೆ ಕೇಳಿಕೊಳ್ಳಬಹುದು.

ತಪ್ಪಾದ ಮೇಲಿನ ಹೊತ್ತಿಗೆ ಬೇರೆ ಅಭ್ಯಾಸ ಬೇಕಿತ್ತು. ಗೆಳತಿಯ ಜೊತೆ ಬೇಕಂತಲೇ ಒಂದು ಕುದುರೆ ಕಮ್ಮಿ ಇಟ್ಟುಕೊಂಡು ಮೂರು ನಿಮಿಷದ ಆಟ ಆಡಲು ಹೇಳಿದೆ. ಗುರಿ ಗೆಲ್ಲೋದಲ್ಲ. ಪ್ರತಿ ನಡೆಯಲ್ಲೂ ಎದುರಿನವಳು ಯೋಚಿಸುವಂತೆ ಮಾಡಬೇಕು, ಅವಳ ಸಮಯ ಕರಗಬೇಕು. ಕಾಯಿ ಕಮ್ಮಿಯಿದ್ದು ಕೂರುವುದು ಮೊದಮೊದಲು ಅವಳಿಗೆ ಹಿಂಸೆಯಾಯಿತು. ಆಮೇಲೆ ಒಂದು ದಿನ ಉತ್ಸಾಹದಿಂದ ಬಂದಳು. ಕುದುರೆ ಕಮ್ಮಿ ಇದ್ದೂ ಗೆದ್ದಿದ್ದಳು. ಗೆಳತಿ ಗೆಲುವು ಖಾತ್ರಿ ಅಂದುಕೊಂಡು ರಾಜನನ್ನು ಮರೆತಿದ್ದಳಂತೆ.

ಆ ದಿನ ಅವಳಿಗೆ ಗೊತ್ತಿದ್ದ ಆಟವೊಂದನ್ನೇ ನೆನಪಿಸಿದೆ. ಮ್ಯಾಗ್ನಸ್ ಕಾರ್ಲ್‌ಸನ್ ಮತ್ತು ವಿಶ್ವನಾಥನ್ ಆನಂದ್ ನಡುವಿನ 2014ರ ಸೋಚಿ ವಿಶ್ವ ಚಾಂಪಿಯನ್‌ಷಿಪ್‌ನ ಆರನೇ ಆಟ. ಕಾರ್ಲ್‌ಸನ್ 26ನೇ ನಡೆಯಲ್ಲಿ ರಾಜನನ್ನು ಡಿ2 ಮನೆಗೆ ಇಟ್ಟರು, ಅದು ದೊಡ್ಡ ತಪ್ಪು. ಆನಂದ್ ತಮ್ಮ ಕುದುರೆಯಿಂದ ಇ5ರ ಪಾನ್ ಹೊಡೆದಿದ್ದರೆ ಆಟದ ದಿಕ್ಕೇ ಬದಲಾಗುತ್ತಿತ್ತು. ಆನಂದ್‌ಗೂ ಅದು ಕಾಣಲಿಲ್ಲ, ಪಾನ್ ಒಂದನ್ನು ಎ4ಗೆ ತಳ್ಳಿದರು. ಕಾರ್ಲ್‌ಸನ್ ಆ ಆಟ ಗೆದ್ದರು. ಅದು ಬ್ಲಿಟ್ಜ್ ಅಲ್ಲ, ಗಂಟೆಗಟ್ಟಲೆ ಸಮಯವಿದ್ದ ಆಟ. ಎರಡೂ ಕಡೆ ಇದ್ದವರು ವಿಶ್ವ ಚಾಂಪಿಯನ್‌ಗಳು. "ನಿನ್ನ ತಪ್ಪು ನಿನಗೆ ಕಂಡಿತು ಅಂದಮಾತ್ರಕ್ಕೆ ಎದುರಿನವರಿಗೂ ಕಂಡಿದೆ ಅಂತ ಯಾಕೆ ಅಂದುಕೊಳ್ತೀಯ?" ಅಂದೆ. ಹಾಗಾಗಿ ತಪ್ಪಾದಾಗ ಮುಖ ಹಿಂಡೋದು, ತಲೆ ಹಿಡಿದುಕೊಳ್ಳೋದು ನಿಲ್ಲಬೇಕು. ಅವು ಎದುರಾಳಿಗೆ ಕೊಡುವ ಸುಳಿವು. ಎರಡು ಸೆಕೆಂಡ್ ಸೇರುವ ಆಟದಲ್ಲಿ, ತಪ್ಪಾದ ಮೇಲೆ ಸೇರಿದ ಆ ಎರಡು ಸೆಕೆಂಡನ್ನು ಮಣೆಯನ್ನು ಹೊಸದಾಗಿ ನೋಡೋದಕ್ಕೆ ಮೀಸಲಿಡಲು ಒಪ್ಪಿಕೊಂಡೆವು. ಬೇರೆ ಯಾರೋ ಆಡಿ ಬಿಟ್ಟುಹೋದ ಆಟಕ್ಕೆ ತಾನು ಈಗಷ್ಟೇ ಬಂದು ಕೂತಂತೆ.

ಸೋತರೆ ರೇಟಿಂಗ್ ಬೀಳುತ್ತದೆ ಅನ್ನುವ ಚಿಂತೆಗೆ ಲೆಕ್ಕವೇ ಸಾಕಾಯಿತು. ಫಿಡೆ ಬ್ಲಿಟ್ಜ್ ರೇಟಿಂಗ್‌ನಲ್ಲಿ ಸಮಬಲದವರ ಎದುರು ಸೋತರೆ 10 ಅಂಕ ಹೋಗುತ್ತದೆ, ಗೆದ್ದರೆ 10 ಬರುತ್ತದೆ. ರೇಟಿಂಗ್‌ನಲ್ಲಿ 200 ಅಂಕ ಮೇಲಿರುವವರ ಎದುರು ಆಡಿದರೂ ಆಟಗಳ ಒಟ್ಟು ಅಂಕದಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಪಾಲು ನಿರೀಕ್ಷಿಸಬಹುದು. ಡ್ರಾ ಬಿಟ್ಟು ಲೆಕ್ಕ ಹಾಕಿದರೆ, ಸಮಬಲದವರ ಎದುರಿನ ಐದು ಆಟಗಳಲ್ಲಿ ಐದನ್ನೂ ಸೋಲುವ ಸಾಧ್ಯತೆ 32ರಲ್ಲಿ ಒಂದು. ವರ್ಷವಿಡೀ ಬ್ಲಿಟ್ಜ್ ಆಡುವವರಿಗೆ ಅಂಥ ಸಾಲು ಬಂದೇ ಬರುತ್ತದೆ. ಅವಳು ಅದನ್ನು ತನ್ನ ಪತನ ಅಂತ ಓದುತ್ತಿದ್ದಳು.

ರಾತ್ರಿಯ ಆನ್‌ಲೈನ್ ಆಟ ಇದಕ್ಕಿಂತ ಕಷ್ಟದ್ದು. ಸೋತದ್ದನ್ನು ವಾಪಸ್ ಪಡೆದೇ ಮಲಗಬೇಕು ಅನ್ನುವ ಹಠ. ಆಟಗಾರರು ಇದನ್ನು ಟಿಲ್ಟ್ ಅನ್ನುತ್ತಾರೆ. ಮೈಯ ಕಾವು ಇಳಿಯುವ ಮೊದಲೇ ಮುಂದಿನ ಆಟ ಶುರುವಾಗಿರುತ್ತದೆ. ಸತತ ಎರಡು ಸೋತರೆ ಅವತ್ತಿಗೆ ಮುಗಿಯಿತು, ಮಲಗುವ ಕೋಣೆಗೆ ಫೋನ್ ಬೇಡ ಅಂತ ನಿಯಮ ಮಾಡಿಕೊಂಡೆವು. ಎರಡು ಆಟ ಆದ ಮೇಲೆ ಎದ್ದು ನಡೆಯೋದು, ನೀರು ಕುಡಿಯೋದು. ಯಾವ ನಡೆ, ಆಗ ಕ್ಲಾಕ್‌ನಲ್ಲಿ ಎಷ್ಟಿತ್ತು ಅಂತ ಒಂದು ಸಾಲು ಬರೆದಿಡೋದು. ವಿಶ್ಲೇಷಣೆ ಮರುದಿನಕ್ಕೆ.

ತಂದೆಯನ್ನೂ ಒಮ್ಮೆ ಕರೆಸಿದ್ದೆ. ಮಗಳ ಮೇಲೆ ಪ್ರಾಣ. ಪ್ರತಿ ಸುತ್ತಿನ ನಂತರ ಬಾಗಿಲಲ್ಲಿ ನಿಂತು "ಏನಾಯ್ತಮ್ಮ?" ಅಂತ ಕೇಳುತ್ತಿದ್ದರು. ಅವಳಿಗೆ ಆ ಪ್ರಶ್ನೆ ಆಡುವಾಗಲೇ ಕಿವಿಯಲ್ಲಿ ಕೇಳಿಸುತ್ತಿತ್ತು. ಅದನ್ನು ಅವಳೇ ಅವರೆದುರು ಹೇಳಿದಳು. ಅವರಿಗೆ ನೋವಾಯಿತು, ಆದರೆ ಅರ್ಥವಾಯಿತು. ಟೂರ್ನಿ ಮುಗಿಯುವವರೆಗೆ ಫಲಿತಾಂಶ ಕೇಳೋದಿಲ್ಲ, ಮಗಳೇ ಹೇಳಿದರೆ ಕೇಳಿಸಿಕೊಳ್ಳುತ್ತೇನೆ ಅಂದರು.

ಅದರ ನಂತರದ ಟೂರ್ನಿಯಲ್ಲೂ ಅವಳು ತಪ್ಪು ಮಾಡಿದಳು. ಒಂದು ಆಟದಲ್ಲಿ ಆನೆ ಕಳೆದುಕೊಂಡು ಡ್ರಾ ಮಾಡಿಕೊಂಡಳು. ಇನ್ನೊಂದರಲ್ಲಿ ಕೈ ತೊಡೆ ಬಿಟ್ಟು ಮೊದಲೇ ಎದ್ದು, ಮುಟ್ಟಿದ ಕಾಯಿಯನ್ನೇ ಆಡಬೇಕಾಗಿ ಬಂದು ಸೋತಳು. ಆದರೆ ಆ ಸೋಲು ಮುಂದಿನ ಸುತ್ತಿಗೆ ಹೋಗಲಿಲ್ಲ. ಬ್ಲಿಟ್ಜ್ ಬಿಡುವ ಮಾತು ಮತ್ತೆ ಬಂದಿಲ್ಲ. ರಾತ್ರಿಯ ನಿಯಮ ಈಗಲೂ ಆಗಾಗ ಮುರಿಯುತ್ತದೆ. ಮುರಿದ ದಿನ ಏನು ನಡೆದಿತ್ತು ಅಂತ ಬರೆದು ತರಲು ಹೇಳಿದ್ದೇನೆ. ಪರೀಕ್ಷೆ ಹತ್ತಿರವಿದ್ದಾಗ ಅದು ಜಾಸ್ತಿ ಅನ್ನೋದು ಮೇಲ್ನೋಟಕ್ಕೆ ಕಾಣುತ್ತಿದೆ. ಮುಂದಿನ ಭೇಟಿಯಲ್ಲಿ ಆ ಬಗ್ಗೆ ಮಾತಾಡಲಿದ್ದೇವೆ.